ಎದುರು ಅಂಗಡಿಯ ಪಾಠ

ಮಗಳ ಜಡೆ ಅರ್ಧ ಹೆಣೆದಿರುವಾಗಲೇ ಯಾರೋ ಬಾಗಿಲು ಬಡಿದರು. ಬಾಚಣಿಗೆಯನ್ನು ತಲೆಗೆ ಸಿಕ್ಕಿಸಿಕೊಂಡು ಅಮ್ಮ ಬಾಗಿಲು ತೆಗೆದಳು. ಎದುರು ಅಂಗಡಿಯ ಟೈಲರಕ್ಕ ನಿಂತಿದ್ದಳು. ಕೈಯಲ್ಲಿ ಮಗಳ ನೀಲಿ ಫ್ರಾಕು. ಒಂದು ತೋಳು ಹೊಲಿದಾಗಿತ್ತು, ಇನ್ನೊಂದು ಗುಂಡುಸೂಜಿಯಲ್ಲಿ ನೇತಾಡುತ್ತಿತ್ತು.

"ತಗೊಳ್ಳಿ ಟೀಚರಮ್ಮ. ಎಲ್ಲರೂ ಅವರವರ ಬಟ್ಟೆ ವಾಪಸ್ ತಗೊಂಡು ಹೋದ್ರು. ನಿಮ್ದೊಂದು ಯಾಕೆ ಉಳೀಬೇಕು?"

"ಅಯ್ಯೋ, ನಾನು ಕೇಳಿದ್ನಾ ಅಕ್ಕಾ? ನಿಧಾನಕ್ಕೆ ಹೊಲೀರಿ."

"ಯಾವುದರಲ್ಲಿ ಹೊಲೀಲಿ? ಮಷೀನ್ ತಗೊಳ್ಳೋರು ಇನ್ನೇನು ಬರ್ತಾರೆ."

ಅಮ್ಮ ಫ್ರಾಕು ಕೈಗೆ ತೆಗೆದುಕೊಂಡಳು. ಕಾಲೇಜಿನಲ್ಲಿ ಅವಳು ಕಲಿಸುವುದು ಅರ್ಥಶಾಸ್ತ್ರ. ಪುಸ್ತಕ ಮುಚ್ಚಿಟ್ಟು, ಬೆಳಗಿನ ಪತ್ರಿಕೆ ಹಿಡಿದು ಹುಡುಗರನ್ನು ಬೀದಿಗೆ ಕಳಿಸುವುದು ಅವಳ ರೀತಿ. ಬಸ್ ದರ ಏರಿದರೆ ನಿಲ್ದಾಣಕ್ಕೆ, ಈರುಳ್ಳಿ ಬೆಲೆ ಏರಿದರೆ ಸಂತೆಗೆ. ಊರಿಗೆ ದೊಡ್ಡ ಸಿದ್ಧ ಉಡುಪಿನ ಮಳಿಗೆ ಬರುವ ಸುದ್ದಿ ಓದಿದ ದಿನ ಟೈಲರಕ್ಕನ ಅಂಗಡಿಗೆ ಕಳಿಸಿದ್ದಳು. "ಬೀಗರ ಹಾಗೆ ಹೊರಗೇ ನಿಂತಿದ್ದೀರಲ್ಲ, ಒಳಗೆ ಬನ್ರೋ" ಎಂದು ಟೈಲರಕ್ಕ ಸ್ಟೂಲು ಎಳೆದು ಕೊಟ್ಟಿದ್ದಳಂತೆ.

ಮರುದಿನ ತರಗತಿಯಲ್ಲಿ ಒಬ್ಬ ಹುಡುಗಿ, "ಈ ಅಂಗಡಿ ಮುಚ್ಚತ್ತೆ ಮೇಡಂ" ಎಂದಾಗ ಅಮ್ಮ, "ಭೇಷ್" ಎಂದು ಅದನ್ನೇ ಬೋರ್ಡಿನ ಮೇಲೆ ಬರೆದಳು. ಮಾತು ಮನೆಮನೆಗೂ ಹೋಯಿತು. ತನ್ನ ಬಟ್ಟೆ ಒಳಗೇ ಸಿಕ್ಕಿಕೊಂಡರೆ ಎಂದು ಹೆದರಿ ಒಬ್ಬಳು ವಾಪಸ್ ಕೇಳಿದಳು. ಅವಳನ್ನು ನೋಡಿ ಪಕ್ಕದವಳು. ದೊಡ್ಡ ಮಳಿಗೆಯ ಬಾಗಿಲಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಇಲ್ಲಿ ಟೈಲರಕ್ಕನ ಕಪಾಟು ಖಾಲಿಯಾಗಿತ್ತು. ಬ್ಯಾಂಕು ಮುಳುಗುತ್ತದೆಂದು ಜನ ಒಬ್ಬರನ್ನು ನೋಡಿ ಒಬ್ಬರು ದುಡ್ಡು ತೆಗೆಯುವಂಥ ಈ ಭಯಕ್ಕೂ ಪಾಠದಲ್ಲಿ ಒಂದು ಹೆಸರಿದೆ, ಅಮ್ಮನಿಗೆ ಗೊತ್ತು. ಒಂದು ಸಂಜೆ ಹೋಗಿ, ಅಂಗಡಿ ಮುಚ್ಚುತ್ತಿಲ್ಲ ಎಂದು ನಾಲ್ಕು ಜನರಿಗೆ ಹೇಳಬಹುದಿತ್ತು. ತಾನಾಗಿಯೇ ತಣ್ಣಗಾಗುತ್ತದೆ ಎಂದುಕೊಂಡು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಕೂತಳು.

"ನಿಮ್ಮ ಹುಡುಗ್ರು ಜಾಣರು ಬಿಡಿ," ಟೈಲರಕ್ಕ ನಕ್ಕಳು. "ಹೇಳಿದ ಹಾಗೇ ಆಯ್ತು."

ಆ ನಗುವಿನಲ್ಲಿ ಕೊಂಕಿರಲಿಲ್ಲ. ಅಮ್ಮ ತಲೆ ತಗ್ಗಿಸಿದಳು.

ಅಮ್ಮ ಕಾಲೇಜಿನಿಂದ ಬರುವ ತನಕ ಮಗಳು ದಿನವೂ ಆ ಅಂಗಡಿಯಲ್ಲೇ ಕೂತು, ಚೂರು ಬಟ್ಟೆಯಲ್ಲಿ ಗೊಂಬೆ ಮಾಡುತ್ತಿದ್ದಳು. ಬಂದು ಹೋಗುವವರ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಈಚೆಗೆ ಊಟಕ್ಕೆ ಕೂತಾಗ ಏನೋ ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತಿದ್ದಳು.

"ಏನೇ ಪುಟ್ಟಿ, ಅರ್ಧ ಜಡೇಲಿ ಸ್ಕೂಲಿಗೆ ಹೊರಟ್ಯಾ?" ಟೈಲರಕ್ಕ ಒಳಗೆ ಬಂದು ಉಳಿದ ಜಡೆ ಹೆಣೆದಳು. ಸೆರಗಿನ ತುದಿಯಲ್ಲಿ ಸಿಕ್ಕಿಸಿದ್ದ ಕೆಂಪು ಬಟ್ಟೆಯ ಪಟ್ಟಿಯನ್ನು ತೆಗೆದು ಗಂಟು ಹಾಕಿದಳು. ಆಮೇಲೆ ರಸ್ತೆ ದಾಟಿ ಹೋದಳು.

ಅಮ್ಮ ಫ್ರಾಕು ಮಡಿಚಲು ನೋಡಿದಳು. ಹೊಲಿಯದ ತೋಳು ಪ್ರತಿ ಸಲವೂ ಹೊರಗೆ ಜಾರುತ್ತಿತ್ತು. ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಾ, ಅಂಗಡಿ ಮುಚ್ಚತ್ತೆ ಅಂತ ಮೊದಲು ಹೇಳಿದ್ದು ಯಾರು?"