ಎರಡನೇ ಸಲ ತೆವಳದವರು

ಹವಳದ ಕಲ್ಲನ್ನು ನಾವೇ ಹೊತ್ತು ತಂದಿದ್ದೆವು. ಸಮುದ್ರ ದಡಕ್ಕೆ ಒಗೆದ ಸತ್ತ ಹವಳ. ಬಿಳಿ ಬಣ್ಣ, ಒಡೆದ ಗಾಜಿನಷ್ಟು ಚೂಪು. ಬುಟ್ಟಿಯಲ್ಲಿ ತಂದು ಸುರಿದು, ಚಪ್ಪಟೆ ಮಗ್ಗುಲು ಕೆಳಗೆ, ಮೊನೆ ಮೇಲೆ ಬರುವಂತೆ ಕೂರಿಸಬೇಕಿತ್ತು. ನಮ್ಮ ತರಬೇತುದಾರ ಸಾರ್ಜೆಂಟ್ ಕೊ ಬೂಟಿನ ತುದಿಯಿಂದ ಒತ್ತಿ ನೋಡುತ್ತಿದ್ದ.

"ಇಲ್ಲಿ ಮೆತ್ತಗಿದೆ. ಯಾರಿಗೆ ಹಾಸಿಗೆ ಹಾಸ್ತಿದ್ದೀರಿ? ನಿಮ್ಮಜ್ಜೀಗಾ?"

ಮಾರನೆಯ ದಿನ ಬರಿಮೈಯಲ್ಲಿ ಅದರ ಮೇಲೆ ತೆವಳಬೇಕಾದವರೂ ನಾವೇ. ಆ ದಾರಿ ದಾಟಿದವನ ಎದೆಗೆ ನೌಕಾದಳದಲ್ಲಿ ನೀರೊಳಗೆ ಕಾದಾಡುವ ಕಪ್ಪೆಪಡೆಯ ಬಿಲ್ಲೆ ಬೀಳುತ್ತಿತ್ತು.

ನಾವ್ಯಾರೂ ಕೇಳಿಕೊಂಡು ಸೈನ್ಯಕ್ಕೆ ಬಂದವರಲ್ಲ. ವಯಸ್ಸಿಗೆ ಬಂದ ಹುಡುಗರೆಲ್ಲ ತಾಲ್ಲೂಕು ಕಚೇರಿಗೆ ಹೋಗಿ ಚೀಟಿ ಎತ್ತಬೇಕು. ಯಾವ ದಳದ ಚೀಟಿ ಬಂತೋ ಆ ದಳ. ನನ್ನ ಜೊತೆ ಚೀಟಿ ಎತ್ತಬೇಕಿದ್ದ ಅಕ್ಕಿ ಗಿರಣಿಯವರ ಮಗನಿಗೆ ಪಾದ ಚಪ್ಪಟೆ, ಸೇವೆಗೆ ಆಗದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅವನು ನಮ್ಮ ಶಾಲೆಯ ಓಟದ ಪಂದ್ಯದಲ್ಲಿ ಗೆದ್ದವನು. ಮೀನು ಮಾರುಕಟ್ಟೆಯಲ್ಲಿ ಐಸು ಒಡೆಯುವವನ ಮಗನಾದ ನನ್ನ ಪಾದ ಸರಿಯಾಗಿತ್ತು.

ತರಬೇತಿ ಕೇಂದ್ರದಲ್ಲಿ ಕಪ್ಪೆಪಡೆಯವರು ಬಂದು ಈಜು ಬರುವವರನ್ನು ಆರಿಸಿದರು. ನೀರೊಳಗಿನ ಅಭ್ಯಾಸಕ್ಕೆ ಇಬ್ಬಿಬ್ಬರನ್ನು ಒಂದೇ ಹಗ್ಗಕ್ಕೆ ಕಟ್ಟುತ್ತಿದ್ದರು. ನನ್ನ ಹಗ್ಗದ ಇನ್ನೊಂದು ತುದಿಗೆ ಸಿಕ್ಕವನು ಲೇಕಲ್. ತೈತುಂಗ್ ಕರಾವಳಿಯ ಅಮಿಸ್ ಎಂಬ ಮೂಲನಿವಾಸಿ ಜನದವನು. ಹಾಜರಿಯಲ್ಲಿ ಸರ್ಕಾರ ಕೊಟ್ಟ ಬೇರೆ ಹೆಸರಿತ್ತು. ಆ ಹೆಸರು ಕೂಗಿದರೆ ಅವನು ಒಂದು ಗಳಿಗೆ ಯೋಚಿಸಿ ಆಮೇಲೆ ಓಗೊಡುತ್ತಿದ್ದ.

"ಬೆಟ್ಟದವನೇ, ಕಿವಿ ಕೇಳಲ್ವ?" ಎಂದು ಸಾರ್ಜೆಂಟ್ ಗದರಿದ.

"ನಮ್ಮೂರಲ್ಲಿ ಬೆಟ್ಟ ಇಲ್ಲ ಸಾರ್. ಮನೆ ಬಾಗಿಲಿಗೇ ಅಲೆ ಬಡಿಯುತ್ತೆ."

"ಸರ್ಕಾರ ನಿಮ್ಮ ಜನನೆಲ್ಲ ಬೆಟ್ಟದವರು ಅಂತ ಬರ್ಕೊಂಡಿದೆ. ಸರ್ಕಾರಕ್ಕೆ ಗೊತ್ತಿಲ್ವೇನೋ?"

"ಸರ್ಕಾರ ಒಂದ್ಸಲ ನಮ್ಮೂರಿಗೆ ಬರ್ಲಿ ಸಾರ್. ಈಜು ಬರುತ್ತಾ ಅದಕ್ಕೆ?"

ಆ ಮಾತಿಗೆ ತಂಡದವರೆಲ್ಲ ರಬ್ಬರ್ ದೋಣಿಯನ್ನು ತಲೆಯ ಮೇಲೆ ಹೊತ್ತು ಊಟದ ಹೊತ್ತಿನವರೆಗೆ ಮರಳಲ್ಲಿ ಓಡಿದೆವು. ಒಬ್ಬ ತಪ್ಪಿದರೆ ಎಲ್ಲರಿಗೂ ಶಿಕ್ಷೆ. "ದೋಣಿ ಒಂದೇ" ಎಂದು ಸಾರ್ಜೆಂಟ್ ನಮ್ಮಿಂದ ಕೂಗಿಸುತ್ತಿದ್ದ.

"ನಮ್ಮೂರಲ್ಲೂ ಹೀಗೇ," ಎಂದ ಲೇಕಲ್, ಕತ್ತು ಒತ್ತಿಕೊಳ್ಳುತ್ತಾ. "ಒಬ್ಬ ತಪ್ಪು ಮಾಡಿದ್ರೆ ಓರಗೆಯೋರೆಲ್ಲ ಬೈಸ್ಕೋಬೇಕು. ಆದ್ರೆ ಒಬ್ಬನಿಗೆ ಮೀನು ಸಿಕ್ಕಿದ್ರೂ ಎಲ್ಲರೂ ತಿನ್ತೀವಿ. ಇಲ್ಲಿ ಬೈಗುಳ ಮಾತ್ರ."

ಅವನಿಗೆ ಬಿಲ್ಲೆ ಯಾಕೆ ಬೇಕಿತ್ತೆಂದು ನನಗೆ ಗೊತ್ತಿತ್ತು. ಬಿಲ್ಲೆ ಇದ್ದವನನ್ನು ಕಡ್ಡಾಯ ಸೇವೆ ಮುಗಿದ ಮೇಲೂ ಕಾಯಂ ಇಟ್ಟುಕೊಳ್ಳುತ್ತಿದ್ದರು. ಅವನ ತಾಯಿ ಡೊಂಗಿ ರಾಜಧಾನಿ ತೈಪೆಯಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಬಿದಿರಿನ ಸಾರುವೆ ಹತ್ತಿ ಸಿಮೆಂಟು ಹೊರುತ್ತಿದ್ದಳು. ಹಿಂದಿನ ವರ್ಷ ಅದೇ ಸಾರುವೆಯಿಂದ ಅವಳ ತಂಗಿ ಬಿದ್ದು ಸತ್ತಿದ್ದಳು. "ಅವ್ವನ್ನ ಕೆಳಗಿಳಿಸಬೇಕು," ಎಂದಷ್ಟೇ ಅವನು ಹೇಳುತ್ತಿದ್ದ.

ತೆವಳುವ ದಿನ ನಮ್ಮ ಮನೆಯವರನ್ನೆಲ್ಲ ಕರೆಸಿದ್ದರು. ಶಾಮಿಯಾನದಡಿ ಮೆತ್ತನೆಯ ಕುರ್ಚಿಗಳು. ನಡುವಿನದು ತೈಪೆಯಿಂದ ಬರುವ ಅತಿಥಿಗೆ. ಬಿಸಿಲು ಏರಿತು, ಕುರ್ಚಿ ಖಾಲಿಯೇ ಇತ್ತು. ಅಲೆ ಹೆಚ್ಚುವ ಮೊದಲು ಮುಗಿಸಬೇಕೆಂದು ತರಬೇತಿಯ ಮುಖ್ಯಸ್ಥ ಮೇಜರ್ ತೌ ಶುರು ಮಾಡಿಸಿದರು.

ತೆವಳಿದೆವು. ಮೊಣಕೈ, ಹೊಟ್ಟೆ, ಮೊಣಕಾಲು. ನಡುವೆ ನಿಲ್ಲಿಸಿ ಅಂಗಾತ ಉರುಳಿಸಿದರು. ಸೀಳಿದ ಚರ್ಮದ ಮೇಲೆ ಬಕೆಟಿನಿಂದ ಉಪ್ಪುನೀರು ಎರಚಿದರು. ದಾರಿಯ ಕೊನೆಯಲ್ಲಿ ಮನೆಯವರು ಅಂಗಿ ಹಿಡಿದು ನಿಂತಿದ್ದರು. ನನ್ನಪ್ಪ ಅಂಗಿ ತೊಡಿಸಿ, ಗುಂಡಿ ಹಾಕಲಾಗದೆ ಬಿಟ್ಟ. ಡೊಂಗಿ ಅಂಗಿ ತೊಡಿಸಲಿಲ್ಲ. ಬಾಟಲಿಯ ಸಿಹಿನೀರಿನಿಂದ ಮಗನ ಎದೆ ತೊಳೆದಳು. ಗಾಯಕ್ಕೆ ಸಿಕ್ಕಿದ್ದ ಹವಳದ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತಳು. ಆಗ ಅವಳು ಅತ್ತಳು.

ಅಷ್ಟರಲ್ಲಿ ಕಾರುಗಳು ಬಂದವು. ಅತಿಥಿ ಇಳಿದು, ಬೆವರು ಒರೆಸಿಕೊಂಡು, "ಮುಗಿದೇ ಹೋಯ್ತಾ?" ಎಂದರು. ಜೊತೆಗೆ ಬಂದಿದ್ದ ಫೋಟೋದವರು ಮೇಜರ್ ಕಿವಿಯಲ್ಲಿ ಏನೋ ಹೇಳಿದರು.

ಮೇಜರ್ ತೌ ಲೇಕಲ್ ಹತ್ತಿರ ಬಂದರು.

"ಕೊನೇ ತುಂಡು ಮಾತ್ರ ಇನ್ನೊಂದ್ಸಲ ತೆವಳು. ಫೋಟೋಗೆ. ಅಮ್ಮಾ, ನೀವು ಅಲ್ಲೇ ನಿಂತ್ಕೊಳ್ಳಿ. ಆಗ ಅತ್ರಲ್ಲ, ಹಾಗೇ ಅಳಬೇಕು."

ಲೇಕಲ್ ತಾಯಿಯ ಮುಖ ನೋಡಿದ. ಮಂಡಿ ಬಗ್ಗಿಸಿದ. ಅವನು ತೆವಳುತ್ತಾನೆಂದೇ ನಾನಂದುಕೊಂಡೆ. ಡೊಂಗಿ ಅವನ ರಟ್ಟೆ ಹಿಡಿದಳು.

"ಯಾಕೆ ಬಗ್ತೀಯ?"

"ಬಿಲ್ಲೆ ಇನ್ನೂ ಕೊಟ್ಟಿಲ್ಲ ಅವ್ವ. ನಿನ್ನ ಆ ಸಾರುವೆಯಿಂದ ಇಳಿಸಬೇಕಲ್ಲ."

"ಇಳಿಯೋದು ನನಗೆ ಗೊತ್ತು. ನೇರ ನಿಂತ್ಕೋ." ಆಮೇಲೆ ಮೇಜರ್ ಕಡೆ ತಿರುಗಿದಳು. "ನಾನು ಸಿಮೆಂಟು ಹೊರೋಳು ಸಾರ್. ಕೂಲಿ ಕೊಟ್ರೆ ಹೊರ್ತೀನಿ. ಅಳು ಬಾಡಿಗೆಗೆ ಕೊಡಲ್ಲ."

"ಇದು ನಿಮ್ಮ ಮಗನ ಭವಿಷ್ಯ, ತಾಯಿ."

"ಅವನ ಚರ್ಮ ಕೂಡ. ಕಲ್ಲು ಅಲ್ಲೇ ಇದೆ. ನೋಡ್ಬೇಕು ಅನ್ನೋರು ಅಂಗಿ ಬಿಚ್ಚಿ ಬರ್ಲಿ."

ಮೇಜರ್ ದನಿ ತಗ್ಗಿತು. "ಕೊನೇ ಸಲ ಹೇಳ್ತಿದ್ದೀನಿ. ಮಲಗು. ಇಲ್ಲಾಂದ್ರೆ ಬಿಲ್ಲೆ ಇಲ್ಲ."

ಲೇಕಲ್ ನಿಂತೇ ಇದ್ದ. "ಒಂದ್ಸಲ ದಾಟಿದ್ದೀನಿ ಸಾರ್," ಎಂದ.

ಮೇಜರ್ ನನ್ನ ಕಡೆ ಬೆರಳು ಮಾಡಿದರು. "ನೀನು ತೆವಳು."

ಪಡೆ ಸೇರಿದ ದಿನದಿಂದ ಕೂಗಿ ಕೂಗಿ ನನ್ನ ನಾಲಿಗೆಗೆ ಅಂಟಿದ್ದ ಮಾತೊಂದೇ ಹೊರಬಂತು. "ದೋಣಿ ಒಂದೇ ಸಾರ್."

ನನ್ನ ಪಕ್ಕದವನನ್ನು ಕರೆದರು. ಅವನೂ ಅದನ್ನೇ ಹೇಳಿದ. ಅವನ ಪಕ್ಕದವನೂ. ಕೊನೆಗೆ ಮೇಜರ್ ಬೆರಳು ಮಾಡುವುದನ್ನು ಬಿಟ್ಟರು. ನಾವೇ ಒಬ್ಬೊಬ್ಬರಾಗಿ ಹೋಗಿ ಲೇಕಲ್ ಪಕ್ಕ ಸಾಲಾಗಿ ನಿಂತೆವು. ಅಪ್ಪ ತೊಡಿಸಿದ್ದ ಅಂಗಿಯೊಳಗೆ ನನ್ನ ರಕ್ತ ಸೊಂಟದವರೆಗೆ ಇಳಿಯುತ್ತಿತ್ತು.

"ಸಾರ್ಜೆಂಟ್, ನೀರು ಎರಚು ಇವರಿಗೆ," ಎಂದರು ಮೇಜರ್.

ಸಾರ್ಜೆಂಟ್ ಕೊ ಬಕೆಟ್ ಎತ್ತಿದ. ಅವನೂ ಹಿಂದೊಂದು ಕಾಲಕ್ಕೆ ಈ ಕಲ್ಲು ದಾಟಿದವನು. ಮೊಣಕೈಯಲ್ಲಿ ಆ ಗುರುತುಗಳಿದ್ದವು. ಉಪ್ಪುನೀರನ್ನು ಮರಳಿಗೆ ಸುರಿದು, ಬಕೆಟ್ ಬೋರಲು ಹಾಕಿದ.

"ಖಾಲಿ ಸಾರ್," ಎಂದ.

ಅತಿಥಿ ಭಾಷಣ ಮಾಡಿ ಹೋದರು. ಮರುದಿನ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು. ತೆವಳುವ ಹುಡುಗ, ಅಳುವ ತಾಯಿ. ಇಬ್ಬರೂ ನಮ್ಮವರಲ್ಲ. ಹಿಂದಿನ ವರ್ಷದ ಫೋಟೋ ಅದು. ಹಿಂದೆ ಕಾಣುತ್ತಿದ್ದ ಕುರ್ಚಿಗಳು ಬೆತ್ತದವು, ನಮ್ಮ ದಿನದ ಮೆತ್ತನೆಯವಲ್ಲ. ಫೋಟೋದ ಕೆಳಗೆ ಮಾತ್ರ ನಾವು ತೆವಳಿದ ದಿನಾಂಕ ಅಚ್ಚಾಗಿತ್ತು.

ನಮ್ಮ ತಂಡಕ್ಕೆ ಬಿಲ್ಲೆ ಸಿಗಲಿಲ್ಲ. ಅಶಿಸ್ತು ಎಂದು ಬರೆದು ಬೇರೆ ಬೇರೆ ಕಡೆಗೆ ಹಂಚಿದರು. ಲೇಕಲ್‌ನನ್ನು ಸರಕು ಹಡಗಿನ ತುಕ್ಕು ಕೆರೆಯಲು ಹಾಕಿದರು. ಸಾರ್ಜೆಂಟನಿಗೆ ಉಗ್ರಾಣದ ಕೆಲಸ. ಡೊಂಗಿ ಮತ್ತೆ ಸಾರುವೆಯ ಕೆಲಸಕ್ಕೆ ಹೋದಳು. ಬೀಳದಂತೆ ಸೊಂಟಕ್ಕೆ ಕಟ್ಟಲು ಹಗ್ಗ ಕೊಡುವ ತನಕ ಹತ್ತುವುದಿಲ್ಲವೆಂದು ಅವಳೂ ಜೊತೆಯ ಹೆಂಗಸರೂ ಕೆಳಗೇ ಕೂತರಂತೆ. ಮೇಸ್ತ್ರಿ ಹಗ್ಗ ತರಿಸಿದನಂತೆ. ಲೇಕಲ್ ಕಾಗದದಲ್ಲಿ ಬರೆದಿದ್ದ.

ನನ್ನನ್ನು ಅದೇ ನೆಲೆಯ ಅಡುಗೆಮನೆಗೆ ಹಾಕಿದ್ದರು. ಮುಂದಿನ ವರ್ಷ ಹೊಸ ಹುಡುಗರು ಹವಳ ಹೊತ್ತು ತಂದು ಹಾಸಿದ್ದನ್ನು ಪಾತ್ರೆ ತಿಕ್ಕುತ್ತಲೇ ಕಂಡೆ. ತೆವಳುವ ದಿನ ಬಂತು. ಅಂಗಿ ಬಿಚ್ಚಿ ಸಾಲಾಗಿ ನಿಂತವರು ಮಲಗುವ ಮೊದಲು ಕುರ್ಚಿಗಳ ಕಡೆ ತಿರುಗಿ ಒಟ್ಟಿಗೆ ಕೂಗಿದರು.

"ಒಂದೇ ಸಲ ಸಾರ್."

ಯಾರು ಹೇಳಿಕೊಟ್ಟರೆಂದು ವಿಚಾರಣೆ ನಡೆಯಿತು. ಗೊತ್ತಾಗಲಿಲ್ಲ.

ಹಿಂದಿನ ಸಲ ತಡವಾಗಿ ಬಂದಿದ್ದ ಅತಿಥಿ ಆ ವರ್ಷ ಶಾಮಿಯಾನ ಕಟ್ಟುವುದಕ್ಕೂ ಮೊದಲೇ ಬಂದು, ಬಿಸಿಲಲ್ಲಿ ಕೂತು ಕಾಯುತ್ತಿದ್ದರು.