ಮರಿನೀರಿನಲ್ಲಿ ಎಳೆದ ಬಲೆ

ಬಂಡೆಸಾಲಿನ ಹಿಂದಿನ ಕಡಲಿನಲ್ಲಿ ಮೀನು ಮೊಟ್ಟೆಯಿಡುತ್ತದೆ, ಮರಿ ಬೆಳೆಯುತ್ತದೆ. ಊರವರು ಅದನ್ನು ಮರಿನೀರು ಎನ್ನುತ್ತಿದ್ದರು. ಅಲ್ಲಿ ಬಲೆ ಹಾಕಬೇಡಿ ಎಂದು ಒಪ್ಪಿಸುವಷ್ಟರಲ್ಲಿ ಊರಿನ ಮೀನುಗಾರರ ಸಮಿತಿಯ ಅಧ್ಯಕ್ಷೆಗೆ ಸಾಕುಸಾಕಾಗಿ ಹೋಗಿತ್ತು. ಮೀನಿಗೂ ಬಾಣಂತನ ಮಾಡ್ತೀಯೇನೇ ಎಂದು ಗೇಲಿ ಮಾಡಿದವರೆಷ್ಟು, ಮುಖ ಮುರಿದವರೆಷ್ಟು! ಕೊನೆಗೆ ದೋಣಿಯವರೇ ವಾರಕ್ಕೊಬ್ಬರಂತೆ ಸರದಿಯಲ್ಲಿ ಕಾವಲು ನಿಂತರು. ಕದ್ದು ಹಾಕಿದ ಬಲೆಯನ್ನು ಆ ವಾರದ ಕಾವಲಿನವರೇ ಕತ್ತರಿಸಬೇಕು, ಅದು ಯಾರದೇ ಆಗಿರಲಿ. ಅಧ್ಯಕ್ಷೆಯ ಗಂಡ ಒಡಹುಟ್ಟಿದ ಅಣ್ಣನ ಬಲೆಯನ್ನೇ ಕತ್ತರಿಸಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ, ಕತೆಯಿಲ್ಲ.

ಆ ಗಂಡನೇ ಈಗ ಕಾವಲಿಗೆ ಹೋದವನು ಮರಿನೀರಿನಲ್ಲಿ ಮುಳುಗಿದ. ಖಾಲಿ ದೋಣಿ ಬಂಡೆಗೆ ತಾಗಿಕೊಂಡು ಸಿಕ್ಕಿತು. ಮುಳುಗಿ ಹುಡುಕುವವರು ಇಳಿದು ಹತ್ತಿದರು. ಕದಡಿದ ನೀರಿನಲ್ಲಿ ತಮ್ಮ ಕೈಯೇ ತಮಗೆ ಕಾಣಲಿಲ್ಲವಂತೆ. ಉಳಿದದ್ದು ಒಂದೇ ದಾರಿ, ತಳ ಮುಟ್ಟುವ ದೊಡ್ಡ ಬಲೆ ಎಳೆಯುವುದು. ಎಳೆದರೆ ತಳದ ಹುಲ್ಲು, ಮೊಟ್ಟೆ, ಮರಿ ಎಲ್ಲ ಕಿತ್ತು ಬರುತ್ತದೆ. ಅದು ಅವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೆ ಗೊತ್ತು?

ಬಲೆಮನೆಯಲ್ಲಿ ಸಮಿತಿ ಸೇರಿತು. ಅಷ್ಟರಲ್ಲಿ ಭಾವ ಬಂದ, ತಮ್ಮ ಕತ್ತರಿಸಿದ್ದ ಅದೇ ಬಲೆಯನ್ನು ಹೊಲಿದು ಹೆಗಲಿಗೇರಿಸಿಕೊಂಡು. ಅತ್ತು ಅತ್ತು ಅವನ ಕಣ್ಣು ಬಾತಿದ್ದವು.

"ನೀನು ಬೇಡ ಅಂದ್ರೆ ವಾಪಸ್ ಹೋಗ್ತೀನಮ್ಮ," ಎಂದ. "ಯಾರೂ ನಿನ್ನ ಏನೂ ಅನ್ನಲ್ಲ. ನಾನೂ ಅನ್ನಲ್ಲ."

ಬೇಡ ಎನ್ನಬೇಕೆಂದೇ ಅವಳು ಬಾಯಿ ತೆರೆದದ್ದು. ಆದರೆ ಮನೆಯಲ್ಲಿ ಅತ್ತೆ, ಮಗನ ಮುಖ ನೋಡದೆ ತೊಟ್ಟು ನೀರೂ ಮುಟ್ಟುವುದಿಲ್ಲ ಎಂದು ಹಠ ಹಿಡಿದು ಕೂತಿದ್ದಳು. ಅತ್ತೆಯದು ಹಾಗಿರಲಿ, ಅವಳಿಗೇ ಅವನ ಮುಖ ಬೇಕಿತ್ತು. ಮರಿನೀರು ಹಾಳಾಗಿ ಹೋಗಲಿ, ಅವನು ಬೇಕಿತ್ತು.

"ಹಾಕಿ," ಎಂದಳು.

ಬಲೆ ಭಾರವಾಗಿ ಮೇಲೆದ್ದಿತು. ಬಂದದ್ದು ಮೀನು. ಬೆರಳುದ್ದದ ಮರಿಗಳು, ರಾಶಿ ರಾಶಿ, ಬೇರು ಸಮೇತ ಕಿತ್ತ ಹುಲ್ಲಿನ ಜೊತೆ. ಭಾವ ಬೊಗಸೆ ಬೊಗಸೆಯಾಗಿ ನೀರಿಗೆ ಬಿಟ್ಟ. ಹೆಚ್ಚಿನವು ಹೊಟ್ಟೆ ಮೇಲಾಗಿ ತೇಲಿದವು. ಕತ್ತಲಾಗುವ ತನಕ ಎಳೆದರು. ಅವನು ಸಿಗಲಿಲ್ಲ.

ಮರುದಿನ ಬೆಳಗ್ಗೆ ನೋಡಿದರೆ ಬಂಡೆಸಾಲಿನ ಹಿಂದೆ ಬೇರೆ ದೋಣಿಗಳು. ಕಣ್ಣಾರೆ ಕಂಡ ಮೀನನ್ನು ಯಾರು ಬಿಡುತ್ತಾರೆ? ಕೇಳಿದರೆ, ಹೆಣ ಹುಡುಕುತ್ತಿದ್ದೇವೆ ಎಂದರಂತೆ. ಸುಳ್ಳೆಂದು ಅವರಿಗೂ ಗೊತ್ತು, ಅವಳಿಗೂ ಗೊತ್ತು. ಗಂಡನ ಸರದಿಯ ವಾರ ಇನ್ನೂ ಮುಗಿದಿರಲಿಲ್ಲ. ಅವಳೇ ಕತ್ತಿ ಹಿಡಿದು ಕಾವಲು ದೋಣಿ ಹತ್ತಿದಳು. ಭಾವ ಹುಟ್ಟು ಹಾಕಿದ. ಅವರು ಬರುವುದನ್ನು ಕಂಡು ದೋಣಿಯವರು ತಲೆ ತಗ್ಗಿಸಿ ಎಳೆಯುವುದನ್ನು ನಿಲ್ಲಿಸಿದರು.

ಮೊದಲ ಬಲೆಯ ಹಗ್ಗಕ್ಕೆ ಕತ್ತಿ ಇಟ್ಟಳು. ಬಲೆ ಇನ್ನೂ ನೀರೊಳಗೇ ಇತ್ತು, ಭಾರವಾಗಿತ್ತು. ಒಳಗಿರುವುದು ಮೀನೋ, ಅವನೋ ಎಂದು ಅವಳು ಕತ್ತಿಯನ್ನು ಹಾಗೇ ಹಿಡಿದಳು.

"ಕತ್ತರಿಸಮ್ಮ," ಎಂದ ಭಾವ ಮೆಲ್ಲಗೆ.

"ತಾಳಿ ಭಾವ," ಎಂದಳು. "ಇದೊಂದ್ಸಲ ಮೇಲೆ ಬರ್ಲಿ. ನೋಡೋಣ."