ಗುಲಾಬಿ ಗೆರೆ

ಟಿಣ್.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ ಅಕ್ಕ ಎದ್ದು ಕೂತಳು. ಮಧ್ಯರಾತ್ರಿ ದಾಟಿತ್ತು. ಲೋಹಕ್ಕೆ ಲೋಹ ತಾಗಿದ ಸದ್ದು. ಅದೂ ನೆಲದ ಮೇಲಲ್ಲ, ಟೊಳ್ಳಾದ ಏನೋ ಒಂದರ ಒಳಗೆ. ಮೆಟ್ಟಿಲಿಳಿಯುವಷ್ಟರಲ್ಲೇ ಅವಳ ಪಿತ್ತ ನೆತ್ತಿಗೇರಿತ್ತು.

ಕೆಳಗೆ ಪಿಕಪ್ಪಿನ ಬಾನೆಟ್ ತೆರೆದಿತ್ತು. ಗುಡ್ಡ, ಹಳ್ಳ, ಮರಳು ಎನ್ನದೆ ನುಗ್ಗಬೇಕಾದ ರೇಸಿನ ಗಾಡಿ. ಅದರ ಹಳೆಯ ಎಂಜಿನ್ ಇಳಿಸಿ ಟರ್ಬೊ ಎಂಜಿನ್ ಕೂರಿಸಲು ಅವಳು ಹನ್ನೊಂದು ದಿನ ಬೆನ್ನು ಬಗ್ಗಿಸಿದ್ದಳು. ಬೆಳಗ್ಗೆ ಗಾಡಿಯ ಮಾಲೀಕರ ಮುಂದೆ ಅವಳ ತಮ್ಮ ಅದನ್ನು ಓಡಿಸಿ ತೋರಿಸಬೇಕಿತ್ತು. ಅವರಿಗೆ ಹಿಡಿಸಿದರೆ ಈ ವರ್ಷದ ರೇಸಿಗೆ ಅವನೇ ಚಾಲಕ. ಆರು ವರ್ಷದಿಂದ ಅವನು ಕಾದದ್ದು ಇದೊಂದಕ್ಕೇ.

ಆ ತಮ್ಮ ಈಗ, ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ಬಾಯಿಗೆ ಕೂರಿಸಿದ್ದ ಪೈಪು ಕಳಚಿ, ಟಾರ್ಚ್ ಹಿಡಿದು ನಿಂತಿದ್ದ.

"ಏನೋ ಬೀಳಿಸಿದೆ?"

"ಏನೂ ಇಲ್ಲ ಅಕ್ಕ. ಒಳಗಿನ ಚಕ್ರ ನೋಡೋಣ ಅಂತ... ನಿದ್ದೆ ಬರ್ಲಿಲ್ಲ."

"ನಿದ್ದೆ ಬರದಿದ್ರೆ ಸೂರು ನೋಡ್ಕೊಂಡು ಮಲ್ಕೋ. ನನ್ನ ಎಂಜಿನ್ ಯಾಕೆ ಬಿಚ್ಚಿದೆ?"

ಟಾರ್ಚ್ ಕಿತ್ತುಕೊಂಡಳು. ಟರ್ಬೊದ ತೆರೆದ ಬಾಯಿಯ ಮೇಲೆ, ಆಯಿಲ್ ಪೈಪನ್ನು ಹಿಡಿದಿಡುವ ಪಟ್ಟಿಯ ಬೋಲ್ಟ್ ಬೋಳಾಗಿತ್ತು.

"ಇದರ ನಟ್ಟೆಲ್ಲಿ?"

"ನಾನು ಅದನ್ನ ಮುಟ್ಟೇ ಇಲ್ಲ. ಕೈ ತಾಗ್ತು, ತಾನಾಗೇ ಬಿತ್ತು."

"ತಾನಾಗೇ! ಅದಕ್ಕೇನು ಕಾಲು ಬಂದಿತ್ತಾ?"

ಅವಳದೊಂದು ಕ್ರಮವಿತ್ತು. ಪಾನಾ ಹಾಕಿ ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿಗೆ ಗುಲಾಬಿ ಉಗುರುಬಣ್ಣದ ಒಂದು ಗೆರೆ. ಗೆರೆ ಇದ್ದರೆ ಬಿಗಿಯಾಗಿದೆ ಎಂದೇ ಲೆಕ್ಕ. ಈ ಬೋಲ್ಟಿನ ತುದಿಯಲ್ಲೂ ಗುಲಾಬಿ ಹೊಳೆಯುತ್ತಿತ್ತು.

"ಗೆರೆ ಎಳೆದ ನಟ್ ಕಣೋ ಇದು! ಇದನ್ನ ನುಂಗ್ಕೊಂಡು ಎಂಜಿನ್ ಶುರುವಾಗಿದ್ರೆ ಆ ಚಕ್ರ ಪುಡಿಪುಡಿ. ಗ್ರೀಸಲ್ಲಿ ಹೊರಳಾಡಿದ್ದು ನಾನು, ಮಾಲೀಕರ ಮುಂದೆ 'ನಾನೇ ಕೂರಿಸಿದ್ದು' ಅಂತ ಮೀಸೆ ತಿರುವಿದ್ದು ನೀನು. ಅದೂ ಸಾಲ್ದಾಯ್ತಾ?"

"ಓಹೋ, ಅದಾ ಹೊಟ್ಟೆಯುರಿ?"

ಅವಳು ಮೊಬೈಲ್ ತೆಗೆದು ಅವನೆದುರೇ ಮಾಲೀಕರಿಗೆ ಬರೆದಳು: ಬೇರೆ ಚಾಲಕನನ್ನು ಕರೆತನ್ನಿ, ತಮ್ಮನ ಕೈಗೆ ಗಾಡಿ ಕೊಡಲಾರೆ. ಕಳಿಸಿ, ಅದನ್ನು ಅವನ ಮುಖಕ್ಕೆ ಹಿಡಿದಳು. ಅವನು ಓದಿದ. ಚಪ್ಪಲಿ ಹುಡುಕಿ ಹೊರಗೆ ಹೋದ.

ಅಯಸ್ಕಾಂತದ ಕಡ್ಡಿ ಇಳಿಬಿಟ್ಟು ನಟ್ಟನ್ನು ಮೇಲೆತ್ತುವಾಗಲೂ ಅವಳು ಬಯ್ಯುತ್ತಲೇ ಇದ್ದಳು. ಬೋಲ್ಟಿಗೆ ಅದನ್ನು ಬೆರಳಲ್ಲೇ ತಿರುಗಿಸಿದಳು. ಎರಡು ಸುತ್ತು ತಿರುಗುವಷ್ಟರಲ್ಲಿ ನಟ್ಟಿನ ಮೇಲಿನ ಅರ್ಧ ಗೆರೆ ಬೋಲ್ಟಿನ ಮೇಲಿನ ಅರ್ಧ ಗೆರೆಗೆ ಕೂಡಿಕೊಂಡಿತು; ಬಣ್ಣದ ಅಂಚಿಗೆ ಅಂಚು, ಕೂದಲೆಳೆ ತಪ್ಪದೆ. ನಟ್ಟಿಗೂ ಪಟ್ಟಿಗೂ ನಡುವೆ ಬಳಪ ತೂರುವಷ್ಟು ಸಂದು ಇನ್ನೂ ಉಳಿದಿತ್ತು.

ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದು ಮತ್ತೆ ನೋಡಿದಳು.

ಮಧ್ಯಾಹ್ನ ಅವನು ಮಾಲೀಕರ ಮುಂದೆ ಮೀಸೆ ತಿರುವುತ್ತಿದ್ದಾಗ ಅವಳು ಇದೇ ಬೋಲ್ಟಿನ ಮುಂದೆ ಬಗ್ಗಿದ್ದಳು. ಹಲ್ಲು ಕಚ್ಚಿಕೊಂಡು ಬಣ್ಣ ಬಳಿದಿದ್ದಳು. ಪಾನಾ ಹಾಕಿರಲಿಲ್ಲ. ಅವನ ಕೈ ತಾಗದಿದ್ದರೆ ಆ ನಟ್ ಬೆಳಗ್ಗೆ ಓಡುವ ಎಂಜಿನ್ನಿನಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ.

ಥಿನ್ನರ್ ಹಚ್ಚಿ ಗೆರೆ ಒರೆಸಿದಳು. ಬಿಗಿದಳು. ಹೊಸ ಗೆರೆ ಎಳೆದಳು.

ಬೆಳಗ್ಗೆ ಮಾಲೀಕರು ಬೇರೊಬ್ಬನೊಂದಿಗೆ ಬಂದರು. ತಮ್ಮ ಗೇಟಿನ ಬಳಿಯೇ ನಿಂತಿದ್ದ, ಕಣ್ಣು ಕೆಂಪಗಿತ್ತು.

"ಅಕ್ಕ," ಎಂದ ಮೆಲ್ಲಗೆ, "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಾನೇ ಗೊತ್ತಿಲ್ದೆ ತಿರುಗಿಸಿರ್ಬೇಕು. ನೀನು ಬಿಗಿದದ್ದು ಸಡಿಲ ಆಗೋ ಮಾತೇ ಇಲ್ಲ."

ಅವನು ಜಗಳಕ್ಕೆ ಬಂದಿದ್ದರೆ ಹೇಳಿಬಿಡುತ್ತಿದ್ದಳೇನೋ. ಈ ನಂಬಿಕೆಗೆ ಅವಳಿಗೆ ಮೈಯೆಲ್ಲ ಉರಿಯಿತು. ಇವನಿಗಾದರೂ ಏನು ಧೈರ್ಯ, ನನ್ನ ತಪ್ಪನ್ನೂ 'ನಾನೇ ಮಾಡಿದ್ದು' ಎನ್ನಲು!

"ಇನ್ಮೇಲೆ ಕೇಳದೆ ಏನನ್ನೂ ಮುಟ್ಬೇಡ," ಎಂದಳು.

ಒಳಗೆ ಎಂಜಿನ್ ಒಂದೇ ಏಟಿಗೆ ಶುರುವಾಯಿತು. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು. ಅಕ್ಕ ಕಿಸೆಯಲ್ಲಿದ್ದ ಉಗುರುಬಣ್ಣದ ಶೀಶೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿದಳು. ಇವತ್ತಲ್ಲ, ಎಂದಿಗೂ.